ಫೈಬರ್ ನೆಟ್‌ವರ್ಕ್ ಡಿಸೈನ್ ಕೆಲಸಕ್ಕೆ ಏನೇನು ಕಲಿತಿರಬೇಕು? ಅನುಭವ ಇರುವವರು ಹೇಳಿ

ಅರಸೀಕೆರೆ ಹುಡುಗ:
ಇ ಅಂಡ್ ಸಿ ಡಿಪ್ಲೊಮಾ ಮುಗಿಸಿದ್ದೇನೆ. ಹಾಸನದಲ್ಲಿ ಫೈಬರ್ ಕಂಟ್ರಾಕ್ಟರ್ ಒಬ್ಬರ ಹತ್ತಿರ ರೂಟ್ ಡಿಸೈನ್ ಕೆಲಸ ಇದೆ ಅಂದರು. ಆಟೋಕ್ಯಾಡ್ ಸ್ವಲ್ಪ ಬರುತ್ತದೆ. 38 ಸಾವಿರ ಕೊಟ್ಟು ಬೆಂಗಳೂರಲ್ಲಿ ಕೋರ್ಸ್ ಮಾಡಲಾ, ಇಲ್ಲಾ ನೇರ ಸೇರಿಕೊಳ್ಳಲಾ?

ಸಕಲೇಶಪುರ ಸ್ಪ್ಲೈಸರ್:
ತಮ್ಮಾ, ಮೊದಲು ಕಾಲಲ್ಲಿ ನಡೆದು ರೂಟ್ ನೋಡೋದು ಕಲಿ. ನಮ್ಮ ಕಡೆ ಒಂದು ಕೆಲಸ ಹೇಳುತ್ತೇನೆ. ಡ್ರಾಯಿಂಗ್ ಮಾಡಿದವನು ಈ ಕಡೆಗೆ ಕಾಲೇ ಇಟ್ಟಿರಲಿಲ್ಲ. ಸ್ಯಾಟಲೈಟ್ ಮ್ಯಾಪ್ ಮೇಲೆ ಕಾಫಿ ತೋಟದ ನಡುವೆ ಗೆರೆ ಎಳೆದ, 3.8 ಕಿ.ಮೀ. ಅಂತ ಬರೆದ. ಸಿಲ್ವರ್ ಓಕ್ ಮರದಡಿ ಹಳ್ಳ ಇರೋದು ಮ್ಯಾಪಲ್ಲಿ ಎಲ್ಲಿ ಕಾಣಬೇಕು? ತೋಟದವರು ಗೇಟೇ ತೆಗೆಯಲಿಲ್ಲ. ರಸ್ತೆ ಸುತ್ತಿ ಬಂದರೆ 6.1 ಕಿ.ಮೀ. ಆಯಿತು. ಒಂದು ಡ್ರಮ್‌ನಲ್ಲಿ ಮುಗಿಯಬೇಕಾದ್ದಕ್ಕೆ ಇನ್ನೊಂದು ಡ್ರಮ್ ತರಿಸಬೇಕಾಯಿತು. 24 ಕೋರ್ (24 ಫೈಬರ್ ನಾರಿನ) ಎಡಿಎಸ್‌ಎಸ್, ಅಂದರೆ ಕಂಬದ ಮೇಲೆ ಎಳೆಯೋ ಕೇಬಲ್, ಮೀಟರಿಗೆ 34 ರೂಪಾಯಿ. ಹೆಚ್ಚಿಗೆ 2,300 ಮೀಟರ್ ಅಂದರೆ ಕೇಬಲ್ಲಿಗೇ 78,200. ಜಾಯಿಂಟ್ ಇಡೋ ಜೆಸಿ ಬಾಕ್ಸ್ 1,400, ಕ್ಲಾಂಪು, ಜೀಪ್ ಬಾಡಿಗೆ ಬೇರೆ. ಅಷ್ಟನ್ನೂ ನಮ್ಮ ಲೇಬರ್ ಬಿಲ್ಲಿನಲ್ಲಿ ಮುರಿದುಕೊಂಡರು. ಗೆರೆ ಎಳೆದವನಿಗೆ ತಿಂಗಳ ಸಂಬಳ ಸರಿಯಾಗಿ ಬಂತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಡೂರು ಬಿಇ:
ನಡೆದರಷ್ಟೇ ಡಿಸೈನ್ ಆಗಲ್ಲ ಸ್ವಾಮಿ, ಲೆಕ್ಕ ಬರಬೇಕು. ನಾನು ಡಿಸೈನ್ ಮಾಡಿದ ಜಿಪಾನ್ ಲೈನ್ (ಒಂದೇ ನಾರಿನ ಬೆಳಕನ್ನು ಹಲವು ಮನೆಗೆ ಹಂಚೋದು) ನೋಡಿ. ಬಿ ಪ್ಲಸ್ ದರ್ಜೆಯ ಆಪ್ಟಿಕ್ಸ್, ಬಜೆಟ್ 28 ಡಿಬಿ, ಅಂದರೆ ದಾರಿಯಲ್ಲಿ ಬೆಳಕು ಅಷ್ಟರವರೆಗೆ ಕಡಿಮೆಯಾಗಬಹುದು. 14 ಕಿ.ಮೀ. ಕೇಬಲ್, 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಿಲೋಮೀಟರಿಗೆ 0.35 ಹಿಡಿದರೆ 4.9. ಬೆಳಕು ಹಂಚೋ ಒಂದಕ್ಕೆ ನಾಲ್ಕರ ಸ್ಪ್ಲಿಟರ್ 7.3, ಆಮೇಲೆ ಒಂದಕ್ಕೆ ಎಂಟರದ್ದು 10.5. ಎಂಟು ಜಾಯಿಂಟಿಗೆ 0.8, ನಾಲ್ಕು ಕನೆಕ್ಟರಿಗೆ 2. ಒಟ್ಟು 25.5. ಉಳಿದದ್ದು ಎರಡೂವರೆ. ಆ ಎರಡೂವರೆ ಕೇಬಲ್ ಹಳೆಯದಾದಾಗ, ತುಂಡಾಗಿ ಮತ್ತೆ ಜಾಯಿಂಟ್ ಹಾಕಿದಾಗ ಬೇಕು ಅಂತ ಇಟ್ಟದ್ದು.

ಲೈನ್‌ನವರು ಏನು ಮಾಡಿದರು ಗೊತ್ತಾ? ಹೊಸ ಕನೆಕ್ಷನ್ ಸಿಕ್ಕಿತು ಅಂತ ನನ್ನನ್ನು ಕೇಳದೆ ನಡುವೆ ಒಂದಕ್ಕೆ ಎರಡರ ಸ್ಪ್ಲಿಟರ್ ಸಿಕ್ಕಿಸಿದರು. ಅದೇ ಮೂರೂವರೆ ತಿಂತು. ಇಪ್ಪತ್ತೊಂಬತ್ತಾಯಿತು. ಕೊನೆಯ ಹಳ್ಳಿಯ ಮನೆಗಳಲ್ಲೆಲ್ಲ ಓಎನ್‌ಟಿಯಲ್ಲಿ (ಮನೆಯ ಫೈಬರ್ ಮೋಡೆಮ್) ಕೆಂಪು ದೀಪ. ಆನ್‌ಲೈನ್ ಕ್ಲಾಸ್ ಮಕ್ಕಳ ಅಪ್ಪಂದಿರು ಫೋನ್ ಮಾಡಿ ಬೈದದ್ದು ನನಗೆ. ಡಿಸೈನ್ ಸರಿ ಇಲ್ಲ ಅಂತ ಮ್ಯಾನೇಜರ್ ಮೇಲ್ ಹಾಕಿದ್ದೂ ನನಗೇ.

ಸಕಲೇಶಪುರ ಸ್ಪ್ಲೈಸರ್:
ಎಲ್ಲದಕ್ಕೂ ಲೈನ್‌ನವರೇ ಸಿಕ್ಕಿದರಾ? ನಿಮ್ಮ ಎಕ್ಸೆಲ್‌ನಲ್ಲಿ ಕೇಬಲ್ ಬಾಗುವುದಕ್ಕೆ ಒಂದು ಕಾಲಂ ಇದೆಯಾ? ಕಂಬದ ಹತ್ತಿರ ಟೈ ಜೋರಾಗಿ ಬಿಗಿದುಬಿಟ್ಟರೆ ಓಟಿಡಿಆರ್ (ಬೆಳಕು ಬಿಟ್ಟು ನಾರು ಪರೀಕ್ಷಿಸೋ ಯಂತ್ರ) ಇಟ್ಟು 1310ರಲ್ಲಿ ಅಳೆದಾಗ ಪರದೆಯ ಗೆರೆ ನೀಟಾಗಿ ಇರುತ್ತದೆ. ಅದೇ ನಾರನ್ನು 1550ರಲ್ಲಿ ಅಳೆಯಿರಿ, ಆ ಜಾಗದಲ್ಲಿ ಗೆರೆ ದಬಕ್ಕನೆ ಕೆಳಗೆ ಇಳಿಯುತ್ತದೆ. ಟೈ ಕತ್ತರಿಸಿದ ಕೂಡಲೇ ಸರಿಹೋಗುತ್ತದೆ. ಇದನ್ನು ಯಾವ ಬಿಇಯಲ್ಲಿ ಹೇಳಿಕೊಡುತ್ತಾರೆ?

ಕಡೂರು ಬಿಇ:
ಟೈ ಬಿಗಿದದ್ದು ಯಾರು ಅಂತಲೂ ನೀವೇ ಹೇಳಿಬಿಡಿ.

ಮೂಡಿಗೆರೆ ನಕ್ಷೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಿಮ್ಮಿಬ್ಬರ ಜಗಳದಲ್ಲಿ ರೆಕಾರ್ಡ್ ಇಡೋರು ಯಾರು? ನಾನು ನಕ್ಷೆ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್ ಮನೆಯಲ್ಲೇ ಕೂತು ಕಲಿತೆ, ಒಂದು ಪೈಸೆ ಖರ್ಚಿಲ್ಲ. ಕಂಬ, ಜೆಸಿ ಬಾಕ್ಸ್, ಎಲ್ಲೆಲ್ಲಿ ಎಷ್ಟು ಮೀಟರ್ ಲೂಪ್ ಸುತ್ತಿಟ್ಟಿದ್ದಾರೆ, ಯಾವ ಬಣ್ಣದ ನಾರು ಯಾವ ಟ್ರೇನಲ್ಲಿ, ಎಲ್ಲ ಹಾಕಿದೆ. ಆಟಿ ಮಳೆಯಲ್ಲಿ ಮರ ಬಿದ್ದು ಲೈನ್ ಹೋಯಿತು. ಓಟಿಡಿಆರ್ 2.4 ಕಿ.ಮೀ. ತೋರಿಸಿತು. ಹುಡುಗರು ಬೈಕ್ ಮೀಟರ್ ನೋಡಿಕೊಂಡು ಅಷ್ಟು ದೂರ ಹೊರಟಿದ್ದರು. ಅದು ಅಳೆಯೋದು ನಾರಿನ ಉದ್ದ. ಲೂಪ್‌ಗಳಲ್ಲಿ ಸುತ್ತಿಟ್ಟ ಕೇಬಲ್ಲೂ ಅದರಲ್ಲಿ ಸೇರಿರುತ್ತದೆ. ನಾನು ಲೂಪ್ ಕಳೆದು, ಸೇತುವೆ ಈಚೆಗಿನ ಕಂಬದ ಹತ್ತಿರ ನೋಡಿ ಅಂದೆ. ಅಲ್ಲೇ ಸಿಕ್ಕಿತು. ಆದರೂ ಆಫೀಸಿನಲ್ಲಿ ನನ್ನ ಕೆಲಸಕ್ಕೆ ‘ಡೇಟಾ ಎಂಟ್ರಿ’ ಅಂತಲೇ ಹೆಸರು, ಸಂಬಳವೂ ಅಷ್ಟೇ.

ಆಲೂರಿನವ:
ಮರ ಬಿತ್ತು, ಟೈ ಬಿಗೀತು ಅಂತ ಅಳೋದೆಲ್ಲ ಕಂಬದ ಮೇಲೆ ಎಳೆದವರ ಪಾಡು. ಹಳ್ಳಿಗಳಿಗೆ ಫೈಬರ್ ಎಳೆಯೋ ಸರ್ಕಾರದ ಭಾರತ್‌ನೆಟ್‌ನಲ್ಲಿ ಕೇಬಲ್ 1.65 ಮೀಟರ್ ಆಳದಲ್ಲಿ ಹೂಳಬೇಕು ಅಂತ ನಿಯಮ ಮಾಡಿದ್ದು ಸುಮ್ನೆ ಅಲ್ಲ. ನಮ್ಮ ಕಡೆ ಆನೆ ಕಂಬಕ್ಕೆ ಮೈ ಉಜ್ಜುತ್ತದೆ, ಮಂಗ ಕೇಬಲ್ ಹಿಡಿದು ಜೋತಾಡುತ್ತದೆ, ಅಳಿಲು ಕಡಿಯುತ್ತದೆ. ನಾನು ಪೈಪ್ ಹೂತು ಹಾಕಿಸಿದೆ. ಸಾಲ ಆಯಿತು, ಆದರೂ ಹಾಕಿಸಿದೆ.

ಸಕಲೇಶಪುರ ಸ್ಪ್ಲೈಸರ್:
ಹೆದ್ದಾರಿ 75ರ ಅಗಲೀಕರಣದಲ್ಲಿ ಜೆಸಿಬಿ ಕಿತ್ತು ಹಾಕಿದ್ದು ಯಾವುದು ಅಣ್ಣಾ, ಕಂಬದ ಕೇಬಲ್ಲಾ? ಹೂತದ್ದು ತುಂಡಾದರೆ ಮಳೆಯಲ್ಲಿ ಗುಂಡಿ ತುಂಬ ನೀರು. ಪಂಪ್ ಇಟ್ಟು ನೀರು ತೆಗೆದು, ಟಾರ್ಪಾಲ್ ಕಟ್ಟಿ, ಅದರ ಕೆಳಗೆ ಕೂತು ಕೂದಲಿನಂಥ ನಾರು ಜೋಡಿಸಬೇಕು. ಅಲ್ಲಿ ಕೂತವನು ನಾನು.

ಆಲೂರಿನವ:
ರಸ್ತೆ ಅಗೆಯೋಕೆ ಮೊದಲು ಕೇಳಿದ್ದರೆ ಮಾರ್ಕ್ ಮಾಡಿ ಕೊಡುತ್ತಿದ್ದೆ. ಯಾರೂ ಕೇಳಲಿಲ್ಲ. ನಷ್ಟ ಕಟ್ಟಿಕೊಡುತ್ತೇವೆ ಅಂದ ಗುತ್ತಿಗೆದಾರ ಈಗ ಫೋನೇ ಎತ್ತಲ್ಲ. ನೀವು ನನಗೆ ಪಾಠ ಹೇಳಬೇಡಿ.

ಮೂಡಿಗೆರೆ ನಕ್ಷೆ:
ಆ ಪೈಪ್ ರೂಟ್ ಮ್ಯಾಪ್‌ನಲ್ಲಿ ಎಲ್ಲಾದರೂ ಹಾಕಿಟ್ಟಿದ್ದೀರಾ? ಇದ್ದಿದ್ದರೆ ಕೋರ್ಟಿಗೂ ಹೋಗಬಹುದಿತ್ತು.

ಆಲೂರಿನವ:
ನನ್ನ ತಲೆಯಲ್ಲಿದೆ ಮೇಡಂ, ಒಂದೊಂದು ಚೇಂಬರೂ ಇದೆ.

ಅರಸೀಕೆರೆ ಹುಡುಗ:
ಸರ್, ಮೇಡಂ, ಕೋರ್ಸ್ ಬಗ್ಗೆ ಯಾರಾದರೂ ಹೇಳುತ್ತೀರಾ? ಸೋಮವಾರದೊಳಗೆ ದುಡ್ಡು ಕಟ್ಟಬೇಕು.

ಸಕಲೇಶಪುರ ಸ್ಪ್ಲೈಸರ್:
ಕೋರ್ಸ್ ಬೇಡ. ಆ ದುಡ್ಡಿಗೆ ಮಿನಿ ಓಟಿಡಿಆರ್, ಪವರ್ ಮೀಟರ್ ಎರಡೂ ಬರುತ್ತವೆ.

ಕಡೂರು ಬಿಇ:
ಹುಡುಗನಿಗೆ ದಾರಿ ತಪ್ಪಿಸಬೇಡಿ. ಮಿನಿ ಓಟಿಡಿಆರ್‌ನಲ್ಲಿ ಸ್ಪ್ಲಿಟರ್ ದಾಟಿ ಅಳೆದರೆ ಮುಂದಿನದೆಲ್ಲ ಗಿಜಿಗಿಜಿ. ಏನು ಕಾಣುತ್ತಿದೆ ಅಂತ ತಿಳಿಯಲಿಕ್ಕೆ ಮೊದಲು ಲೆಕ್ಕ ಗೊತ್ತಿರಬೇಕು. ಜಿಪಾನ್ ಬಜೆಟ್ ನಾನು ಹೇಳಿಕೊಡುತ್ತೇನೆ, ಫೀಸ್ ಬೇಡ. ಭಾನುವಾರ ಕಡೂರಿಗೆ ಬಾ.

ಆಲೂರಿನವ:
ಓಟಿಡಿಆರ್ ಮಾತು ಬಂತು ಅಂತ ಕೇಳುತ್ತಿದ್ದೇನೆ. ಸಕಲೇಶಪುರದವರೇ, ನಾರು ಜೋಡಿಸೋ ನಿಮ್ಮ ಹಳೇ ಸ್ಪ್ಲೈಸಿಂಗ್ ಮಷಿನ್ ಕೊಡುತ್ತೀರಂತೆ ಅಂತ ಕೇಳಿದೆ. ಎಷ್ಟಕ್ಕೆ?

ಸಕಲೇಶಪುರ ಸ್ಪ್ಲೈಸರ್:
55 ಸಾವಿರ. ತಗೊಂಡಾಗ 92 ಕೊಟ್ಟಿದ್ದೆ. ಎಲೆಕ್ಟ್ರೋಡ್ ಹೊಸದು, ಬ್ಯಾಟರಿ ಚೆನ್ನಾಗಿದೆ. ಚೌಕಾಸಿ ಇಲ್ಲ.

ಆಲೂರಿನವ:
ನಾರು ಕತ್ತರಿಸೋ ಕ್ಲೀವರ್ ಸೇರಿಸಿ 45 ಆದರೆ ನಾಳೆನೇ ಬರುತ್ತೇನೆ. ಬ್ಲೇಡ್ ಎಷ್ಟು ತಿರುಗಿಸಿದ್ದೀರಿ, ಅದರ ಫೋಟೊ ಹಾಕಿ.