ಹಳೇ ಡಿ500 ಕ್ಯಾಮೆರಾ ಬಾಡಿ: ಉಪ್ಪುಗಾಳಿ ತಿಂದಿದ್ಯಾ, ನೀರು ಕುಡಿದಿದ್ಯಾ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಿಕಾನ್ ಡಿ500 ಕ್ಯಾಮೆರಾ ಬಾಡಿಯೊಂದು (ಲೆನ್ಸ್ ಇಲ್ಲದ್ದು) ಮಾರಾಟಕ್ಕಿದೆ, 45,000 ಹೇಳ್ತಿದ್ದಾರೆ, ಬಿಲ್ ಇಲ್ಲ. 200-500 ಲೆನ್ಸ್‌ಗೆ ಹಾಕಿ ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿ ತೆಗೆಯೋಕೆ ಬೇಕು.

ಶಟರ್ ಕೌಂಟ್ (ಇಲ್ಲಿತನಕ ಶಟರ್ ಬಿದ್ದ ಸಲ) 1,38,000. ಕಂಪನಿ ಹೇಳೋ ಆಯಸ್ಸು 2 ಲಕ್ಷ, ಹಾಗಾಗಿ ಅದರ ಚಿಂತೆ ಅಷ್ಟಿಲ್ಲ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೊ ಹೊಡೆದು ನೋಡಿದೆ, ಸೆನ್ಸರ್ ಮೇಲೆ ಎರಡು ಧೂಳಿನ ಚುಕ್ಕೆ, ಬ್ಲೋವರ್‌ಗೆ ಹೋದವು. ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟಾಗ ಬೆರಳೆಣಿಕೆಯ ಹಾಟ್ ಪಿಕ್ಸೆಲ್ (ಕತ್ತಲಲ್ಲೂ ಹೊಳೆಯೋ ಚುಕ್ಕೆ) ಅಷ್ಟೇ. ಎಸ್‌ಡಿ, ಎಕ್ಸ್‌ಕ್ಯೂಡಿ ಎರಡೂ ಮೆಮೊರಿ ಕಾರ್ಡ್ ಸ್ಲಾಟ್ ಬರೆಯುತ್ತವೆ. ರಬ್ಬರ್ ಗ್ರಿಪ್ ಎದ್ದಿದೆ, ಅದು ಅಂಟಿಸಿದ್ರೆ ಆಯ್ತು.

ತಲೆಬಿಸಿ ಬೇರೆ ಕಡೆ. ಬ್ಯಾಟರಿ ಗೂಡಿನ ಒಂದು ಪಿನ್ ಮೇಲೆ ಹಸಿರು ಕಿಲುಬು, ತಳದ ಎರಡು ಸ್ಕ್ರೂಗೆ ತುಕ್ಕು. ಹಾಟ್ ಶೂ (ಮೇಲ್ಗಡೆ ಫ್ಲ್ಯಾಶ್ ಸಿಕ್ಕಿಸೋ ಜಾಗ) ಮಾತ್ರ ಸ್ವಚ್ಛ! ಉಪ್ಪುಗಾಳಿಯೇ ಕಾರಣ ಆಗಿದ್ರೆ ಮೊದಲು ತೆರೆದಿರೋ ಹಾಟ್ ಶೂ ಕೆಡಬೇಕಿತ್ತಲ್ವಾ? ಕೆಳಗಿಂದ ನೀರು ಹೋಗಿರಬಹುದು ಅಂತ ಅನುಮಾನ. ಮಾರುವವರು "ಕಡಲ ಬದಿ ಹೀಗೇ" ಅಂತಾರೆ. ಪಿನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಡ್ಸ್‌ನಿಂದ ಒರೆಸಿದೆ, ಅರ್ಧ ಹೋಯ್ತು. 300 ಫ್ರೇಮ್ ಬರ್ಸ್ಟ್ (ಒಂದರ ಹಿಂದೊಂದು ಫೋಟೊ) ಹೊಡೆದರೂ ಎಲ್ಲೂ ನಿಲ್ಲಲಿಲ್ಲ.

ತಳದ ಪ್ಲೇಟ್ ಬಿಚ್ಚಿ ನೋಡದೆ, ಒಳಗಿನ ಸರ್ಕ್ಯೂಟ್ ಬೋರ್ಡ್ ತನಕ ನೀರು ಹೋಗಿದ್ಯಾ ಇಲ್ವಾ ಅಂತ ಹೊರಗಿನಿಂದಲೇ ತಿಳಿಯೋ ಗುರುತು ಯಾವುದಾದ್ರೂ ಇದ್ಯಾ? ಇಲ್ಲಾಂದ್ರೆ ಬಿಚ್ಚಿ ತೋರಿಸಿದರೆ ಮಾತ್ರ ತಗೋತೀನಿ ಅನ್ನಲಾ?