ಹೊಸತೊಡಕಿಗೆ ರೆಡ್ ವೈನ್: ಯಾವ ಅಡುಗೆ ಜೊತೆ ಹೊಂದುತ್ತೆ?

ಕಂದವಾರದವನು:
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಸಂಕ್ರಾಂತಿಗೆ ಬಂದಾಗ ಎರಡು ಬಾಟಲ್ ರೆಡ್ ವೈನ್ ತಂದುಕೊಟ್ಟರು. ಕ್ಯಾಬರ್ನೆ, ಶಿರಾಜ್ ಅನ್ನೋ ಎರಡು ಜಾತಿ ದ್ರಾಕ್ಷಿ ಸೇರಿಸಿ ಮಾಡಿದ್ದು, ನಮ್ಮ ನಂದಿಬೆಟ್ಟದ ತಪ್ಪಲಿನ ಹಣ್ಣಿಂದೇ. ಒಂದನ್ನ ಹೋದ ಭಾನುವಾರ ತೆಗೆದೆವು. ಮನೇಲಿ ನಾಟಿಕೋಳಿ ಸಾರು, ಮುದ್ದೆ. ಮೊದಲ ಗುಟುಕಿಗೇ ಬಾಯೆಲ್ಲ ಒಣಗಿತು. ಸಾರು ಉಂಡು ಅದರ ಮೇಲೆ ಕುಡಿದರೆ ಗಂಟಲವರೆಗೂ ಉರಿ. ಅಪ್ಪ ಲೋಟ ಪಕ್ಕಕ್ಕಿಟ್ಟು "ಇದಕ್ಕಿಂತ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನೇ ವಾಸಿ" ಅಂದುಬಿಟ್ಟರು. ಭಾವ ಅಷ್ಟು ಆಸೆಯಿಂದ ತಂದದ್ದಲ್ವಾ, ನನಗೆ ಬೇಜಾರಾಯ್ತು. ಇನ್ನೊಂದು ಬಾಟಲ್ ಹೊಸತೊಡಕಿಗೆ ಇಟ್ಟಿದ್ದೀನಿ, ಅವತ್ತು ಭಾವನೂ ಇರ್ತಾರೆ. ವೈನೇ ಸರಿ ಇಲ್ವಾ, ನಾವು ಕುಡಿದ ರೀತಿ ತಪ್ಪಾ? ಏನು ಅಡುಗೆ ಮಾಡಲಿ?

ಮುಳಬಾಗಿಲು ಹುಡುಗ:
ಅಣ್ಣ, ಮೊದಲು ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ರೆಡ್ ವೈನನ್ನ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅಂತಾರಲ್ಲ, ಅದು ಯುರೋಪಿನ ಚಳಿ ಮನೆ ಲೆಕ್ಕ, 16–18 ಡಿಗ್ರಿ. ಯುಗಾದಿ ಹೊತ್ತಿಗೆ ನಮ್ಮ ಮನೆಯೊಳಗೆ 30 ಇರುತ್ತೆ. ಬೆಚ್ಚಗಾದರೆ ಸ್ಪಿರಿಟ್ ವಾಸನೆಯೇ ಮೂಗಿಗೆ ಹೊಡಿಯೋದು.

ಚಪ್ಪರದ ತೋಟ:
ಕಂದವಾರದವರೇ, ನಿಮ್ಮ ವೈನ್ ಚೆನ್ನಾಗೇ ಇದೆ ಅನ್ಸುತ್ತೆ. ನಮ್ಮದು ಕಲ್ಲುಕಂಬದ ಚಪ್ಪರದ ಮೇಲೆ ಬೆಂಗಳೂರು ಬ್ಲೂ ತೋಟ. ನಾನು ನಾಲ್ಕು ಸುಗ್ಗಿ ಒಂದು ವೈನರಿಯಲ್ಲಿ ಹಣ್ಣು ಆರಿಸೋ ಕೆಲಸ ಮಾಡಿದ್ದೀನಿ. ನಿಮ್ಮಪ್ಪ ಹೇಳಿದ್ದು ನನಗೆ ಅರ್ಥ ಆಗುತ್ತೆ. ಬ್ಲೂ ಹಣ್ಣು ಹಿಸುಕಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುತ್ತೆ. ಘಮ ಜಾಸ್ತಿ, ಜ್ಯೂಸಿಗೂ ಸಿಹಿ ವೈನಿಗೂ ಅದೇ ಸರಿ. 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು, ನಮಗೆಲ್ಲ ಹೆಮ್ಮೆ. ಕ್ಯಾಬರ್ನೆ ಬೇರೆ ಜಾತಿ. ಕಾಳು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜವೇ ಜಾಸ್ತಿ. ಹಣ್ಣಾಗಿದೆಯಾ ಅಂತ ನೋಡೋಕೆ ನಮಗೆ ಬೀಜ ಕಚ್ಚಿ ನೋಡು ಅಂತಿದ್ರು. ಕಂದು ಬಣ್ಣಕ್ಕೆ ತಿರುಗಿ ಕಟಕ್ ಅಂದರೆ ಹಣ್ಣಾಗಿದೆ, ಹಸಿರಾಗಿದ್ದರೆ ಬಾಯಿ ಪೂರ್ತಿ ಒಗರು.

ರೆಡ್ ವೈನನ್ನ ಸಿಪ್ಪೆ ಬೀಜದ ಸಮೇತ ಹುದುಗು ಬರಿಸ್ತಾರೆ. ಬಣ್ಣ ಬರೋದೂ ಅಲ್ಲಿಂದಲೇ, ಒಗರು ಬರೋದೂ ಅಲ್ಲಿಂದಲೇ. ಟ್ಯಾನಿನ್ ಅಂತ ಕರೆಯೋದು ಇದನ್ನೇ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತಲ್ಲ, ಅದೇ. ಟ್ಯಾನಿನ್ನು ಎಂಜಲಲ್ಲಿರೋ ಪ್ರೋಟೀನನ್ನ ಹಿಡಿದುಕೊಳ್ಳುತ್ತೆ, ಬಾಯಿ ಜಾರಿಕೆ ಕಳೆದುಕೊಂಡು ಒಣಗುತ್ತೆ. ಬಾಳೆಹೂವು ಬಿಡಿಸಿದ ಮೇಲೆ ನಿಮ್ಮಮ್ಮ ಮಜ್ಜಿಗೆಗೆ ಹಾಕಿಡಲ್ವಾ? ಮಜ್ಜಿಗೆಯ ಪ್ರೋಟೀನು ಒಗರನ್ನ ಎಳೆದುಕೊಳ್ಳಲಿ ಅಂತ. ವೈನಿಗೆ ಆ ಕೆಲಸ ಮಾಡೋದು ಮಾಂಸ. ಕೊಬ್ಬಿರೋ ಮಟನ್ ಒಂದು ತುಂಡು ಅಗಿದು ಆಮೇಲೆ ಒಂದು ಗುಟುಕು ಕುಡೀರಿ, ಅದೇ ವೈನ್ ಮೆತ್ತಗಾಗಿ ಹಣ್ಣಿನ ರುಚಿ ಹೊರಗೆ ಬರುತ್ತೆ.

ನಿಮ್ಮ ಭಾನುವಾರ ಕೆಟ್ಟಿದ್ದು ಒಣಮೆಣಸಿನಕಾಯಿಯಿಂದ. ಬಾಯಲ್ಲಿ ಖಾರ ಯಾವ ನರಕ್ಕೆ ತಾಗುತ್ತೋ, ಆಲ್ಕೋಹಾಲೂ ಅದನ್ನೇ ಕೆರಳಿಸುತ್ತೆ. ಇಂಥ ವೈನಲ್ಲಿ 13–14 ಪರ್ಸೆಂಟ್ ಇರುತ್ತೆ. ನಾಟಿಕೋಳಿ ಗಟ್ಟಿ ಮಾಂಸ, ಕೊಬ್ಬು ಕಮ್ಮಿ, ಸಾರು ನೀರುನೀರು. ಒಗರನ್ನ ತಡೆಯೋದು ಏನೂ ಇರಲಿಲ್ಲ.

ಹೊಸತೊಡಕಿಗೆ ಮಟನ್ ಇದ್ದೇ ಇರುತ್ತೆ. ಸಾರಿಗೆ ಹಾಕೋ ಮುಂಚೆ ಪಕ್ಕೆ ಚಾಪ್ಸ್ ಒಂದು ಕೇಜಿ ಎತ್ತಿಡಿ. ಬೆಳ್ಳುಳ್ಳಿ, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಹುರೀರಿ, ಒಣಮೆಣಸಿನಕಾಯಿ ಬೇಡವೇ ಬೇಡ. ಶಿರಾಜಿಗೂ ಕಾಳುಮೆಣಸಿಗೂ ನೆಂಟಸ್ತಿಕೆ ಇದೆ: ಎರಡರಲ್ಲೂ ಘಾಟು ಕೊಡೋದು ರೊಟಂಡೋನ್ ಅನ್ನೋ ಒಂದೇ ವಸ್ತು. ಆಸ್ಟ್ರೇಲಿಯಾದವರು 2008ರಲ್ಲಿ ಇದನ್ನ ಬರೆದರು. ಕೈಮಾ ಉಂಡೆಯೂ ಆಗುತ್ತೆ, ಹುರಿಗಡಲೆ ಕೊಬ್ಬರಿ ಇರೋದರಿಂದ. ವೈನ್ ಮುಗಿಸಿದ ಮೇಲೆ ಸಾರು ಮುದ್ದೆ ಉಣ್ಣಿ. ಹಿಂದಿನ ದಿನದ ಒಬ್ಬಟ್ಟು ಮಿಕ್ಕಿರುತ್ತೆ, ಅದರ ಜೊತೆ ಮಾತ್ರ ಕುಡೀಬೇಡಿ. ಸಿಹಿ ತಿಂದ ಬಾಯಿಗೆ ಈ ವೈನ್ ಬರೀ ಹುಳಿ, ಕಹಿ. ಕೆರೆ ಮೀನಿಗೂ ಬೇಡ, ಕಬ್ಬಿಣ ನೆಕ್ಕಿದ ಹಾಗಿರುತ್ತೆ.

ಊಟಕ್ಕೆ ಒಂದು ಗಂಟೆ ಮುಂಚೆ ಗಾಜಿನ ಜಗ್ಗಿಗೆ ಸುರಿದಿಡಿ. ಬಿರಡೆ ತೆಗೆದು ಬಾಟಲಲ್ಲೇ ಬಿಟ್ಟರೆ ಗಾಳಿ ಆಡೋದು ಕತ್ತಿನಷ್ಟು ಜಾಗದಲ್ಲಿ ಮಾತ್ರ.

ಗುಬ್ಬಿ ಅಡಿಕೆ:
ಒಗರು ಅಂದಿರಲ್ಲ ಸರ್, ನಾವು ಅಡಿಕೆ ಬೇಯಿಸಿದ ಚೊಗರನ್ನ ವರ್ಷಾ ನೋಡೋರು. ಅದೂ ಟ್ಯಾನಿನ್ನೇ, ಕೈಗೆ ಹತ್ತಿದರೆ ವಾರ ಹೋಗಲ್ಲ. ನಮ್ಮ ಮನೇಲಿ ಮಾಂಸ ಮಾಡಲ್ಲ. ನಮಗೇನು ದಾರಿ?

ಚಪ್ಪರದ ತೋಟ:
ಬದನೆಕಾಯಿ ಎಣ್ಣೆಗಾಯಿ ಮಾಡಿಸಿ. ಕಡಲೆಕಾಯಿಬೀಜ, ಎಳ್ಳು, ಕೊಬ್ಬರಿ, ಮೇಲೆ ತೇಲೋ ಎಣ್ಣೆ, ಇದೆಲ್ಲ ಒಗರಿಗೆ ಜೊತೆ. ಖಾರ ಅರ್ಧ ಮಾಡಿ, ಹುಣಸೆಹಣ್ಣು ಇನ್ನೂ ಕಮ್ಮಿ, ಹುಳಿ ಜಾಸ್ತಿ ಆದರೆ ವೈನ್ ಚಪ್ಪೆ. ಪನ್ನೀರಿಗೆ ಕಾಳುಮೆಣಸು ಹಾಕಿ ಹುರಿದರೂ ಆಗುತ್ತೆ. ಬಸ್ಸಾರಿಗೆ ಬೇಡ. ನಾನು ನೋಡಿದ್ದೀನಿ, ಎರಡೂ ಹಾಳು.

ಕಂದವಾರದವನು:
ಹೊಸತೊಡಕು ಮುಗೀತು, ಹೇಳಿಬಿಡ್ತೀನಿ. ಚಾಪ್ಸ್ ನಾನೇ ಹುರಿದೆ. ಅಮ್ಮ "ಮೆಣಸಿನಕಾಯಿ ಇಲ್ಲದೆ ಇದೆಂಥ ಮಟನ್" ಅಂತಲೇ ಇದ್ದರು, ಆಮೇಲೆ ತಾವೇ ಎರಡು ತುಂಡು ತಿಂದರು. ಜಗ್ಗಿಗೆ ಸುರಿದು, ಜಗ್ಗನ್ನೇ ಫ್ರಿಜ್ಜಲ್ಲಿಟ್ಟಿದ್ದೆ. ಅಪ್ಪ ಮೂಳೆ ಚೀಪಿ, ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೇರಳೆ ಹಣ್ಣೇ ಕಣೋ" ಅಂದರು. ಆಮೇಲೆ ಭಾವನ ಕಡೆ ತಿರುಗಿ, ಈ ಹಣ್ಣು ಯಾರ ತೋಟದ್ದು, ಚಪ್ಪರ ಹಾಕ್ತಾರಾ, ತಂತಿ ಕಟ್ತಾರಾ ಅಂತ ಕೇಳೋಕೆ ಶುರು ಮಾಡಿದರು. ಮಾತು ಮುಗಿಯೋ ಹೊತ್ತಿಗೆ ಮುದ್ದೆ ಆರಿ ಹೋಗಿತ್ತು.