ಟಿವಿಯಿಂದ ಕಣ್ಣು ಹೋಗಲ್ಲ, ಕೂಸಿನ ಬಾಯಿ ಜಾರುತ್ತೆ

ತಂಗೀ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡೋಕೆ ಆಗಲ್ಲ, ಮಾತಾಡೇ ಕಳಿಸ್ತೀನಿ, ಉದ್ದ ಆಯ್ತು ಅಂತ ಬೈಕೋಬೇಡಿ. ಮಗಳು 19 ದಿನದ ಬಾಣಂತಿ, ಕೂಸಿಗೆ ಹಾಲು ಕುಡಿಸೋವಾಗಲೂ ಸೀರಿಯಲ್ ಹಾಕ್ಕೊಂಡು ಕೂತಿರ್ತಾಳೆ, ಅವಳ ಕಣ್ಣಿಗೆ ಏನಾದ್ರೂ ಆಗುತ್ತಾ ಅಕ್ಕಾ ಅಂತ ಕೇಳಿದ್ದೀಯ.

ಕಣ್ಣಿನ ಮಾತು ಬಿಡು. ಅಮ್ಮ ನಮಗೆ ಸೂಜಿಗೆ ದಾರ ಪೋಣಿಸಬೇಡ, ಪುಸ್ತಕ ಹಿಡೀಬೇಡ ಅಂತಿದ್ಲಲ್ಲ, ಅದೇ ಮಾತು ಈಗ ಟಿವಿಗೆ ಬಂದು ಕೂತಿದೆ. ಟಿವಿಯಿಂದ ಕಣ್ಣು ಹೋಗಲ್ಲ. ನಾನು ಹೆದರೋದು ಕೂಸಿನ ಬಾಯಿಗೆ. ಕೂಸು ಬಾಯಿ ಹಾಕಿದ ಮೊದಲ ಐದು ನಿಮಿಷ ಅಮ್ಮನ ಕಣ್ಣು ಟಿವಿ ಮೇಲೆ ಇರಬಾರದು. ಇಷ್ಟೇ ನಾನು ಹೇಳೋದು.

ಯಾಕೆ ಅಂದ್ರೆ ತಿಪಟೂರಿನ ಅತ್ತಿಗೆ ಸೊಸೆ ಬಾಣಂತನ ನಿಮಗೆಲ್ಲ ಗೊತ್ತೇ ಇದೆ, ಆದ್ರೆ ಒಳಗಿಂದು ಗೊತ್ತಿಲ್ಲ. ಆ ಹುಡುಗಿ ದಿವಾನ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋಳು. ಟಿವಿ ಪಕ್ಕದ ಗೋಡೆಗೆ, ಎತ್ತರಕ್ಕೆ. ಕೂಸನ್ನ ಎಡಗೈ ಮೇಲೆ ಮಲಗಿಸ್ಕೊಂಡು ಕತ್ತು ಆ ಕಡೆ ತಿರುಗಿಸೋಳು. ಕೈ ಕೆಳಗೆ ದಿಂಬಿಲ್ಲ. ಮೊದಲು ಚೆನ್ನಾಗೇ ಹಿಡಿಯೋದು ಕೂಸು. ಸೀರಿಯಲ್‌ನಲ್ಲಿ ಅತ್ತೆ ಸೊಸೆ ಜಗಳ ಜೋರಾದ ಹಾಗೆ ಇವಳ ಕೈ ಸಡಿಲ, ಮೊಣಕೈ ಕೆಳಗೆ. ಕೂಸಿನ ತಲೆ ಎರಡು ಬೆರಳು ಇಳಿಯೋದು, ತೊಟ್ಟಿನ ಸುತ್ತ ಕಪ್ಪು ಭಾಗ ಬಾಯಿಂದ ಆಚೆ ಬಂದು ಬರೀ ತೊಟ್ಟಿನ ತುದಿಯಲ್ಲಿ ನೇತಾಡೋದು. ಹಾಗೆ ನೇತಾಡಿದ್ರೆ ಹಾಲು ಬರಲ್ಲ, ತೊಟ್ಟು ಸೀಳುತ್ತೆ. ನಾಲ್ಕನೇ ದಿನಕ್ಕೆ ತೊಟ್ಟಿನ ಮೇಲೆ ಬಿಳಿ ಗೀರು, ಆಮೇಲೆ ರಕ್ತ. ನೋವು ಅಂತ ಆ ಕಡೆ ಕುಡಿಸೋದು ಕಮ್ಮಿ ಮಾಡಿದ್ಲು. ಹಾಲು ಕಟ್ಟಿತು, ನಿಂಬೆಹಣ್ಣಿನಷ್ಟು ಗಂಟು, ಮೇಲೆಲ್ಲ ಕೆಂಪು, 102 ಜ್ವರ. ಡಾಕ್ಟ್ರು ಆಂಟಿಬಯಾಟಿಕ್ ಕೊಟ್ಟು, ಅದೇ ಕಡೆ ಕುಡಿಸ್ತಾ ಇರಿ, ಉಳಿದಿದ್ದನ್ನ ಕೈಯಲ್ಲಿ ಹಿಂಡಿ ತೆಗೀರಿ, ನಿಲ್ಲಿಸಿದ್ರೆ ಇನ್ನೂ ಕಟ್ಟುತ್ತೆ ಅಂದ್ರು.

ಕೂಸು ಹುಟ್ಟಿದಾಗ 3 ಕೆಜಿ. 14ನೇ ದಿನ ತೂಗಿಸಿದ್ರೆ 2 ಕೆಜಿ 750. ಮೊದಲ ವಾರ ಸ್ವಲ್ಪ ಇಳಿಯೋದು ಸಹಜ, ಆದ್ರೆ ಎರಡು ವಾರ ತುಂಬೋ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದಿರಬೇಕು. ಅವಳು ಹೇಳೋದು, 'ದೊಡ್ಡತ್ತೆ, ನಲವತ್ತು ನಿಮಿಷ ಕುಡಿಸ್ತೀನಿ' ಅಂತ. ಪಕ್ಕದಲ್ಲಿ ಕೂತು ನೋಡಿದೆ. ಎಂಟು ನಿಮಿಷ ನುಂಗಿತು, ಮಿಕ್ಕಿದ್ದೆಲ್ಲ ಬಾಯಲ್ಲಿಟ್ಕೊಂಡು ನಿದ್ದೆ. ಅವಳಿಗೆ ಗೊತ್ತೇ ಆಗಿಲ್ಲ, ಯಾಕಂದ್ರೆ ನುಂಗೋ ಸದ್ದು ಸಣ್ಣದು, ಎರಡು ಸಲ ಚೀಪಿ ಒಂದು ಸಲ 'ಕ್ಕ' ಅನ್ನೋದು. ಟಿವಿ ಜೋರಿದ್ರೆ ಅದು ಕೇಳಿಸಲ್ಲ. ಹಸಿವಾದಾಗ ಕೂಸು ಮೊದಲು ಬಾಯಿ ಚಪ್ಪರಿಸುತ್ತೆ, ಕೈ ಬಾಯಿಗೆ ಒಯ್ಯುತ್ತೆ, ತಲೆ ಆಕಡೆ ಈಕಡೆ ಹುಡುಕುತ್ತೆ. ಅಳೋದು ಕೊನೆಗೆ. ಇವಳು ನೋಡ್ತಿದ್ದಿದ್ದು ಕೊನೇದನ್ನ ಮಾತ್ರ. ಅತ್ತು ಅತ್ತು ಕೆಂಪಾದ ಕೂಸು ಸರಿಯಾಗಿ ಬಾಯೂ ಹಾಕಲ್ಲ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ ಕೇಳು, ಮೊದಲ ಐದು ನಿಮಿಷ ಟಿವಿ ಬೇಡ, ಕಣ್ಣು ಕೂಸಿನ ಬಾಯಿ ಮೇಲೇ ಇರಬೇಕು.

ಆಮೇಲೆ ಏನಾಯ್ತು ಹೇಳಿ? ನಾಮಕರಣದಲ್ಲಿ ಎಲ್ಲರೆದುರಿಗೆ ಆ ಮನೆಯವರು, ದೊಡ್ಡತ್ತೆ ಸಬ್ಬಸಿಗೆ ಸೊಪ್ಪು ಕಮ್ಮಿ ಹಾಕಿದ್ರು, ಅದಕ್ಕೇ ಹಾಲು ಕಮ್ಮಿ ಆಯ್ತು ಅಂದ್ರು! ದಿನಾ ಬೆಳಿಗ್ಗೆ ಬೆಳ್ಳುಳ್ಳಿ ಸುಲಿದು, ಮೆಣಸಿನ ಸಾರು ಕಾಯಿಸಿ, ಎರಡು ಕೆಜಿ ಅಂಟಿನುಂಡೆ ಕಟ್ಟಿ ಕೊಟ್ಟೋಳು ನಾನು. ಆ ಸ್ಟೀಲ್ ಡಬ್ಬಿ ಇವತ್ತಿಗೂ ವಾಪಸ್ ಬಂದಿಲ್ಲ. ಟಿವಿ ನೋಡಬೇಡ ಅಂತ ಆ ಹುಡುಗಿಗೆ ಹೇಳೋರು ಮನೇಲಿ ಏಳು ಜನ, ಒಳಕೋಣೇಲಿ ಒಂದು ಗಳಿಗೆ ಜೊತೆಗೆ ಕೂತು ಮಾತಾಡೋರು ಒಬ್ರೂ ಇಲ್ಲ. ಗಂಡ ಭಾನುವಾರ ಬಂದು ಫೋಟೋ ಹಿಡ್ಕೊಂಡು ಹೋಗೋನು. ಟಿವಿ ಹಾಕದೆ ಇನ್ನೇನು ಮಾಡ್ತಾಳೆ ಪಾಪ.

ಅಯ್ಯೋ, ನೀನು ಕೇಳಿದ್ದು ಬಿಟ್ಟು ಎಲ್ಲೋ ಹೋದೆ. ಟಿವಿ ಕಿತ್ಕೊಬೇಡ, ಹೀಗೆ ಮಾಡಿಸು. ಬೆನ್ನಿಗೆ ಒಂದು ದಿಂಬು, ಕೂಸು ಮಲಗೋ ಕೈ ಕೆಳಗೆ ಇನ್ನೊಂದು, ಕೈ ಸೋತ್ರೂ ಕೂಸು ಇಳೀಬಾರದು. ಟಿವಿ ನೇರ ಎದುರಿಗೆ, ಸೌಂಡ್ ಸಣ್ಣಗೆ, ಲೈಟ್ ಹಾಕಿರಲಿ. ಕೂಸಿನ ಹೊಟ್ಟೆ ಅಮ್ಮನ ಹೊಟ್ಟೆಗೆ ಅಂಟಿರಬೇಕು, ಕಿವಿ, ಭುಜ, ಸೊಂಟ ಒಂದೇ ಗೆರೆ, ಮುಖ ಮಾತ್ರ ತಿರುಗಿಸಿರಬಾರದು. ಬಾಯಿ ಆಕಳಿಸೋ ಹಾಗೆ ದೊಡ್ಡದಾಗಿ ತೆರೆದ ಮೇಲೇ ಎದೆಗೆ ತರಲಿ. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಗುಚಿ, ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಮ್ಮಿ ಕಂಡ್ರೆ ಸರಿ. ಚಪ್ ಚಪ್ ಸದ್ದು ಬಂದ್ರೆ, ಕೆನ್ನೆ ಗುಳಿ ಬಿದ್ರೆ, ಹಿಡಿದಿದ್ದು ತಪ್ಪು. ಎಳೀಬಾರದು, ಕಿರುಬೆರಳನ್ನ ಬಾಯಿ ಮೂಲೆಯಿಂದ ಒಳಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಲಿ. ಆಮೇಲೆ ಸೀರಿಯಲ್ ನೋಡ್ಲಿ, ಆದ್ರೆ ಜಾಹೀರಾತು ಬಂದಾಗೆಲ್ಲ ಕೆಳಗೆ ನೋಡ್ಲಿ. ಅಂಥದ್ದಕ್ಕೆ ಜಾಹೀರಾತು ಒಳ್ಳೇದು. ರಾತ್ರಿ ಮಾತ್ರ ಸೋಫಾದ ಮೇಲೆ ಟಿವಿ ನೋಡ್ತಾ ಕುಡಿಸೋದು ಬೇಡವೇ ಬೇಡ, ಅಮ್ಮನಿಗೆ ತೂಕಡಿಕೆ ಬಂದ್ರೆ ಕೂಸಿನ ಮೂಗು ಮುಚ್ಚುತ್ತೆ.

ಈ ವಯಸ್ಸಿನ ಕೂಸಿಗೆ ಹೆಚ್ಚು ಕಮ್ಮಿ ಒಂದು ಅಡಿ ದೂರದ್ದೇ ಚೆನ್ನಾಗಿ ಕಾಣೋದು, ಎದೆಯಿಂದ ಅಮ್ಮನ ಮುಖಕ್ಕೆ ಇರೋದೂ ಅಷ್ಟೇ. ಮೂರು ನಾಲ್ಕು ತಿಂಗಳಾದ ಮೇಲೆ ಅದೇ ಕೂಸು ತೊಟ್ಟು ಕಚ್ಕೊಂಡು ಟಿವಿ ಕಡೆ ತಿರುಗುತ್ತೆ, ಆಗ ಪೂರ್ತಿ ಆರಿಸಿಬಿಡಲಿ.

ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡೀಬೇಕು, ಉಚ್ಚೆ ಬಟ್ಟೆ 24 ಗಂಟೇಲಿ ಆರಕ್ಕೆ ಕಮ್ಮಿ ಆಗಬಾರದು. ಗೋಡೆ ಕ್ಯಾಲೆಂಡರ್ ಮೇಲೆ ಗೀರು ಹಾಕ್ತಾ ಬಾ. ಇನ್ನೊಂದು, ಅವಳಿಗೆ ಜೋರು ತಲೆನೋವು ಬಂದು ಕಣ್ಣು ಮಂಜಾದ್ರೆ ಟಿವಿ ಮೇಲೆ ಹಾಕಿ ಸುಮ್ಮನಿರಬೇಡ, ಹೆರಿಗೆ ಆಗಿ ಆರು ವಾರದವರೆಗೂ ಬಿಪಿ ಏರಬಹುದು, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ತೋರಿಸು. ನಾಳೆ ಕೂಸಿನ ತೂಕ ಮಾಡಿಸಿ ನಂಬರ್ ಹಾಕು. ಫೋಟೋ ಬೇಡ, ನಂಬರ್.